ಹಳೆಯ ಎಲೆಕ್ಟ್ರಾನಿಕ್ ತಬಲಾದ ಚಿಪ್‌ನಿಂದ ದನಿ ತೆಗೆದಿಟ್ಟುಕೊಳ್ಳೋದು ಹೇಗೆ?

ತಂದೆಯವರ ಎಲೆಕ್ಟ್ರಾನಿಕ್ ತಬಲಾ ಬಿಚ್ಚಿದರೆ ಒಳಗೆ ಗಾಜಿನ ಕಿಟಕಿ ಇರೋ ಚಿಪ್ ಕಂಡಿತು, ಮೇಲೆ 27ಸಿ256 ಅಂತಿದೆ, ಪೆಟ್ಟಿಗೆ ಕೆಡೋ ಮುಂಚೆ ದನಿ ಉಳಿಸಿಕೊಳ್ಳಬೇಕು ಅಂತ ಕೇಳಿದ್ದೀರಿ. ಆಗುತ್ತದೆ. ನಮ್ಮ ಅತ್ತೆಯ ಪೆಟ್ಟಿಗೆಗೆ ನಾನೇ ಈ ಕೆಲಸ ಮಾಡಿದ್ದೇನೆ, ಒಂದು ಚಿಪ್ ಸುಟ್ಟೂ ಇದ್ದೇನೆ.

ಮೊದಲು ಆ ಕಿಟಕಿಗೆ ಕಪ್ಪು ಟೇಪ್ ಅಂಟಿಸಿ. ಇದು ಇಪ್ರಾಮ್, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ನೆನಪಿನ ಚಿಪ್. ಯುವಿ (ಅತಿನೇರಳೆ) ಬೆಳಕು ಬಿದ್ದರೆ ಒಳಗಿರೋದು ಅಳಿಸಿಹೋಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಸುಮಾರು 3 ವರ್ಷ ತಡೆಯುತ್ತದೆ, ನೇರ ಬಿಸಿಲಿನಲ್ಲಿ ಒಂದೇ ವಾರ ಅಂತ ಚಿಪ್ ತಯಾರಕರ ಡೇಟಾಶೀಟ್‌ಗಳಲ್ಲೇ ಬರೆದಿರುತ್ತಾರೆ.

ಓದೋಕೆ ಟಿಎಲ್866 ಥರದ ಪ್ರೋಗ್ರಾಮರ್ ಬೇಕು, ಅಂದರೆ ಚಿಪ್ಪನ್ನು ಕಂಪ್ಯೂಟರ್‌ಗೆ ಜೋಡಿಸಿ ಓದೋ ಸಾಧನ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಚಿಪ್ಪನ್ನು ಸಾಕೆಟ್‌ನಿಂದ ಎತ್ತುವಾಗ ಸಣ್ಣ ಸ್ಕ್ರೂಡ್ರೈವರ್‌ನಿಂದ ಈ ತುದಿ ಸ್ವಲ್ಪ, ಆ ತುದಿ ಸ್ವಲ್ಪ ಎಬ್ಬಿಸಿ. ಅದಕ್ಕೂ ಮುಂಚೆ ಅರ್ಧಚಂದ್ರದಂಥ ಕಚ್ಚು ಯಾವ ಕಡೆ ಇದೆ ಅಂತ ಫೋಟೋ ತೆಗೆದುಕೊಳ್ಳಿ. ನಾನು ತೆಗೆದಿರಲಿಲ್ಲ. ಇದಕ್ಕೆ 28 ಕಾಲು, 14ನೆಯದು ಗ್ರೌಂಡ್, 28ನೆಯದು 5 ವೋಲ್ಟ್. ತಿರುಗಿಸಿ ಹಾಕಿದರೆ ಎರಡೂ ಸರಿಯಾಗಿ ಅದಲುಬದಲಾಗುತ್ತವೆ. ನಾನು ವಾಪಸ್ ಹಾಕುವಾಗ ಹಾಗೇ ಮಾಡಿದೆ. ಬೆರಳಿಟ್ಟು ನೋಡಿದೆ, ಚುರ್ ಅಂತು. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಕಾಪಿ ತೆಗೆದಿದ್ದೆ.

ಪ್ರೋಗ್ರಾಮರ್‌ನ ಸಾಫ್ಟ್‌ವೇರ್‌ನಲ್ಲಿ ಚಿಪ್ಪಿನ ಹೆಸರು ಆರಿಸಿ ಬರೀ ರೀಡ್ ಒತ್ತಿ. ‘ಚೆಕ್ ಐಡಿ’ಯ ಟಿಕ್ ತೆಗೆದುಬಿಡಿ. ಚಿಪ್ಪಿನ ಗುರುತಿನ ಸಂಖ್ಯೆ (ಐಡಿ) ಕೇಳೋಕೆ ಪ್ರೋಗ್ರಾಮರ್ ಎ9 ಅನ್ನೋ ಕಾಲಿಗೆ 12 ವೋಲ್ಟ್ ಕೊಡುತ್ತದೆ, ಹಳೇ ಚಿಪ್‌ಗೆ ಆ ಉಸಾಬರಿ ಯಾಕೆ? ಮೂರು ಸಲ ಓದಿ, ಮೂರೂ ಫೈಲ್ ಒಂದೇ ಇವೆಯಾ ನೋಡಿ. ಬೇರೆ ಬೇರೆ ಬಂದರೆ ಹೆಚ್ಚಾಗಿ ಕಾಲುಗಳ ಮೇಲಿನ ಕಿಲುಬು ಕಾರಣ, ಒರೆಸಿ ಮತ್ತೆ ಓದಿ.

ಕೈಗೆ ಸಿಗೋದು 32,768 ಬೈಟ್. ಒಂದು ಬೈಟ್‌ಗೆ ಒಂದು ಸ್ಯಾಂಪಲ್ (ದನಿಯ ಒಂದು ಅಳತೆ), ಸೆಕೆಂಡಿಗೆ 8,000 ಸ್ಯಾಂಪಲ್ ಅಂದುಕೊಂಡರೆ 4 ಸೆಕೆಂಡು ಚಿಲ್ಲರೆ, ಅಷ್ಟೆ. 16 ಮಾತ್ರೆಯ ಇಡೀ ತೀನ್‌ತಾಲ್ ಅದರಲ್ಲಿ ಹಿಡಿಯೋದಿಲ್ಲ. ಬಿಡಿ ಬಿಡಿ ಬೋಲ್ (ತಬಲಾದ ಒಂದೊಂದು ಪೆಟ್ಟಿನ ದನಿ) ಇರುತ್ತವೆ, ಯಾವುದನ್ನು ಯಾವಾಗ ಬಾರಿಸಬೇಕು ಅನ್ನೋದು ಪ್ರೋಗ್ರಾಂ ಕೆಲಸ. ಅಡಾಸಿಟಿ ಅನ್ನೋ ದನಿ ಎಡಿಟ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಇಂಪೋರ್ಟ್, ರಾ ಡೇಟಾ ಅಂತ ತೆರೆಯಿರಿ. ಅನ್‌ಸೈನ್ಡ್ 8 ಬಿಟ್, ಮೋನೋ. ಬರೀ ಗರಗರ ಅಂದರೆ ಸೈನ್ಡ್, ಆಮೇಲೆ ಮ್ಯೂ-ಲಾ ಅನ್ನೋ ಆಯ್ಕೆ ಹಾಕಿ ನೋಡಿ. ಪ್ರೋಗ್ರಾಂ ಕೂಡ ಅದೇ ಚಿಪ್‌ನಲ್ಲಿದ್ದರೆ ಆ ಭಾಗ ಫ್ಯಾಕ್ಸ್ ಮಷೀನ್ ಥರ ಕಿರುಚುತ್ತದೆ, ಅದನ್ನು ಬಿಡಿ. ನಮ್ಮದರಲ್ಲಿ ‘ನಾ’ ಇತ್ತು, ‘ಗೆ’ ಇತ್ತು, ‘ಧಾ’ ಎಲ್ಲೂ ಇರಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಹೊಳೆಯಿತು: ಎರಡೂ ಒಟ್ಟಿಗೆ ಬಿದ್ದರೆ ತಾನೇ ‘ಧಾ’!

ಇನ್ನು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನೋದು. ನಮ್ಮ ಪೆಟ್ಟಿಗೆಯಲ್ಲಿ ಶ್ರುತಿ ತಿರುಪು ತಿರುಗಿಸಿದರೆ ಚಿಪ್ ಓದೋ ವೇಗವೇ ಬದಲಾಗುತ್ತಿತ್ತು. ಹಾಗಾಗಿ ಇದೇ ಸರಿ ಅನ್ನೋ ಒಂದು ಸಂಖ್ಯೆಯೇ ಇರಲಿಲ್ಲ. ಜೊತೆಗೆ, ಫೈಲ್‌ನ ದನಿ ಪೆಟ್ಟಿಗೆಯ ದನಿಗಿಂತ ಒರಟು. ಮಷೀನ್‌ನಲ್ಲಿ ಚಿಪ್ ಆದ ಮೇಲೆ ಬರೋ ಫಿಲ್ಟರ್ ಆ ಚೂಪನ್ನು ಸವರುತ್ತದೆ. ಅದಕ್ಕೇ ಚಿಪ್‌ಗೆ ಕೈಹಾಕೋ ಮೊದಲು, ಪೆಟ್ಟಿಗೆ ಇನ್ನೂ ನುಡಿಯುತ್ತಿರುವಾಗಲೇ, ಲೈನ್ ಔಟ್‌ನಿಂದ ಒಂದು ರೆಕಾರ್ಡಿಂಗ್ ಮಾಡಿಕೊಳ್ಳಿ ಅನ್ನುತ್ತೇನೆ. ತಂದೆಯವರು ತಿರುಪನ್ನು ಎಲ್ಲಿ ಇಡುತ್ತಿದ್ದರೋ ಅಲ್ಲೇ ಇಟ್ಟು ಮಾಡಿ. ನಮ್ಮ ಅತ್ತೆ ಅಲ್ಲಿ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಚುಕ್ಕಿ ಹಾಕಿದ್ದರು. ಆ ಚುಕ್ಕಿಗೆ ಸರಿಯಾಗಿ ಮಾಡಿದ ರೆಕಾರ್ಡಿಂಗ್ ಪಕ್ಕದಲ್ಲಿಟ್ಟುಕೊಂಡು, ಫೈಲ್‌ನ ‘ನಾ’ ಅದೇ ಶ್ರುತಿಗೆ ಕೂರೋವರೆಗೆ ರೇಟ್ ಬದಲಾಯಿಸುತ್ತಾ ಹೋದೆ.