ಮನೆ ಕಾಂಟ್ರಾಕ್ಟ್‌ಗೆ 30% ಅಡ್ವಾನ್ಸ್ ಕೊಡಬಹುದಾ?

ಆನ್‌ಲೈನ್ ಅಗ್ರಿಮೆಂಟ್ ಫಾರಂ ತುಂಬಿದ್ದೀರಿ, ಕಾಂಟ್ರಾಕ್ಟರ್ 30% ಅಡ್ವಾನ್ಸ್ ಕೇಳುತ್ತಿದ್ದಾರೆ, ಸಹಿ ಹಾಕಬಹುದಾ ಅಂತ ಕೇಳಿದ್ದೀರಿ. ಈಗಲೇ ಬೇಡ ಸರ್. 30% ಜಾಸ್ತಿ ಆಯಿತು, 10%ಗೆ ಒಪ್ಪಿಸಿ ನೋಡಿ. ಉಳಿದದ್ದು ಪಾಯ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ), ಮೋಲ್ಡ್ (ಛಾವಣಿಯ ಕಾಂಕ್ರೀಟ್), ಪ್ಲಾಸ್ಟರಿಂಗ್ ಮುಗಿದ ಹಾಗೆ ಕೊಡಿ. ಆದರೆ ಸುಮ್ನೆ 'ಮೋಲ್ಡ್ ಹಂತ' ಅಂತ ಬರೆದರೆ ಸಾಲದು. ಹಣ ಕೊಡುವುದು ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕಟ್ಟುವ ಅಚ್ಚು) ಕಟ್ಟುವ ಮೊದಲೋ, ಕಾಂಕ್ರೀಟ್ ಹಾಕಿದ ಮೇಲೋ? ಜಗಳ ಶುರುವಾಗುವುದೇ ಅಲ್ಲಿ. ಕೊನೆಯ 5% ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರವೇ ಇರಲಿ. ಸೋರುವುದು ಗೊತ್ತಾಗುವುದು ಆಗಲೇ ಅಲ್ವಾ? ಚದರದ (100 ಚದರಡಿಯ) ರೇಟಿನಲ್ಲಿ ಸಂಪು (ನೆಲದೊಳಗಿನ ನೀರಿನ ತೊಟ್ಟಿ), ಕಾಂಪೌಂಡ್ ಸೇರಿದೆಯಾ ಅಂತಲೂ ಬರೆಸಿ. ರೆಡಿಮೇಡ್ ಫಾರಂನಲ್ಲಿ ಇದಕ್ಕೆ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ವರ್ಷದಲ್ಲಿ ಅವರಿಗೆ ಕೊಡುವ ಹಣ 50 ಲಕ್ಷ ಮೀರಿದರೆ 2% ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು, ಪ್ಯಾನ್ ನಂಬರ್ ಈಗಲೇ ತೆಗೆದುಕೊಳ್ಳಿ.