ರಾತ್ರಿ ಯಕ್ಷಗಾನದಲ್ಲಿ ನನ್ನ ಪುಟ್ಟ ಡಿಜಿಟಲ್ ಕ್ಯಾಮೆರಾ ಫೋಕಸ್ ಆಗುತ್ತಿಲ್ಲ. ಯಾವ ಸೆಟ್ಟಿಂಗ್ ಬದಲಿಸಲಿ, ಅಥವಾ ಹೊಸದು ಕೊಳ್ಳಲೇ?

ಲೆನ್ಸ್ ಹಿಂದೆ ಮುಂದೆ ಓಡಾಡುತ್ತದೆ, ಹಳದಿ ಚೌಕ ಮಿನುಗುತ್ತದೆ, ಅಷ್ಟರಲ್ಲಿ ವೇಷ ಒಳಗೆ ಹೋಗಿರುತ್ತದೆ. ಅಲ್ವಾ? ನನ್ನದೂ ಇದೇ ಕಥೆ.

ಮಾವನ ಮನೆಯವರು ಹರಕೆಯ ಯಕ್ಷಗಾನ ಆಟ ಆಡಿಸಿದ್ದರು. ಮನೆ ಎದುರಿನ ಗದ್ದೆಯಲ್ಲಿ ರಂಗಸ್ಥಳ. ಫೋಟೋ ತೆಗೆಯುವ ಕೆಲಸ ನನ್ನ ತಲೆಗೆ ಬಂತು. ಮಾವನಿಗೆ ಮುಖ್ಯವಾಗಿ ಬೇಕಿದ್ದದ್ದು ಒಂದೇ, ಮಹಿಷಾಸುರನ ಪ್ರವೇಶ. ಫ್ರೇಮ್ ಹಾಕಿಸಿ ಚಾವಡಿಯಲ್ಲಿ ಇಡುತ್ತೇನೆ ಅಂತ ಮೊದಲೇ ಹೇಳಿದ್ದರು.

ನಾನು ಕೊನೆಯ ಸಾಲಿನಲ್ಲಿ ಆರಾಮಾಗಿ ಕೂತು ಝೂಮ್ ಪೂರ್ತಿ ಎಳೆದುಕೊಂಡಿದ್ದೆ. ತಪ್ಪಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ನನ್ನ ಲೆನ್ಸ್ ಸುತ್ತ 2.8–5.9 ಅಂತ ಬರೆದಿದೆ. ನಿಮ್ಮದರಲ್ಲೂ ಹೆಚ್ಚುಕಮ್ಮಿ ಹಾಗೇ ಇರಬಹುದು, ನೋಡಿ. ಮೊದಲ ಅಂಕಿ ಝೂಮ್ ಮಾಡದಿದ್ದಾಗಿನದು, ಎರಡನೆಯದು ಪೂರ್ತಿ ಝೂಮ್ ಮಾಡಿದಾಗಿನದು. ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಮ್ಮಿ. 2.8ರಿಂದ 5.9ಕ್ಕೆ ಹೋದರೆ ಉಳಿಯುವುದು ಕಾಲು ಭಾಗಕ್ಕಿಂತಲೂ ಕಡಿಮೆ. ಈ ಚಿಕ್ಕ ಕ್ಯಾಮೆರಾಗಳಲ್ಲಿ ಹೆಚ್ಚಿನವು ಸೆನ್ಸರಿಗೆ ಬಿದ್ದ ಚಿತ್ರವನ್ನೇ ನೋಡಿ ಫೋಕಸ್ ಮಾಡುತ್ತವೆ. ಲೆನ್ಸ್ ಸರಿಸುತ್ತಾ ಹೋಗಿ, ಕಪ್ಪು-ಬಿಳಿಯ ಅಂಚು ಎಲ್ಲಿ ಚೂಪಾಗಿ ಕಂಡಿತೋ ಅಲ್ಲಿ ನಿಲ್ಲುತ್ತವೆ. ಬೆಳಕೇ ಇಲ್ಲದಿದ್ದರೆ ಅಂಚು ಎಲ್ಲಿಂದ ಬರಬೇಕು? ಕರೆಂಟು ಹೋದಾಗ ಬೆಂಕಿಪೊಟ್ಟಣ ತಡಕುವವರ ಹಾಗೆ ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತವೆ. ಸಾಲದ್ದಕ್ಕೆ ಝೂಮ್ ಮಾಡಿದಾಗ ಫೋಕಸ್ ಒಂಚೂರು ತಪ್ಪಿದರೂ ಎದ್ದು ಕಾಣುತ್ತದೆ, ಕೈ ನಡುಗಿದ್ದೂ ದೊಡ್ಡದಾಗಿ ಕಾಣುತ್ತದೆ. ಇನ್ನು ತೀರಾ ಹತ್ತಿರ ಇರುವುದಕ್ಕೆ ಫೋಕಸ್ ಆಗುವುದೇ ಇಲ್ಲ.

ನನಗೆ ಕೈಕೊಟ್ಟಿದ್ದು ಈ ಕೊನೆಯದು. ತೆಂಕುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ತೆಂಕಣ ಶೈಲಿಯಲ್ಲಿ, ಮಹಿಷಾಸುರ ಸಭೆಯ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ, ಜನರ ನಡುವೆಯೇ ನುಗ್ಗಿ ಬರುತ್ತಾನೆ. ಬೊಬ್ಬೆ ಕೇಳಿ ತಿರುಗಿದರೆ ಕೊಂಬು ನನ್ನ ಕುರ್ಚಿಯ ಪಕ್ಕದಲ್ಲೇ! ದೊಂದಿಗೆ ರಾಳ ಎರಚಿದರು, ಬೆಂಕಿ ಭುಗಿಲೆಂದಿತು, ಮುಖದ ಬಿಳಿ ಚುಟ್ಟಿ (ಬಣ್ಣಗಾರಿಕೆಯ ಉಬ್ಬು ಚುಕ್ಕೆ) ಒಂದೊಂದೂ ಕಾಣುವಷ್ಟು ಬೆಳಕು. ಕ್ಯಾಮೆರಾ ಮಾತ್ರ ಪೂರ್ತಿ ಝೂಮ್‌ನಲ್ಲಿ ಕಿರ್ ಕಿರ್ ಅನ್ನುತ್ತಿತ್ತು. ಸಿಕ್ಕಿದ್ದು ಕೆಂಪು-ಕಿತ್ತಳೆ ಬಣ್ಣದ ಒಂದು ಮುದ್ದೆ. "ಇದೆಂತ ಮಾರಾಯ, ವೇಷ ಎಲ್ಲಿ?" ಅಂದರು ಮಾವ.

ಹಾಗಾಗಿ ಯಾವ ಸೆಟ್ಟಿಂಗ್ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಝೂಮನ್ನು ಪೂರ್ತಿ ಹಿಂದಕ್ಕೆ ತನ್ನಿ, ನೀವು ಮುಂದಕ್ಕೆ ಹೋಗಿ. ಝೂಮ್ ಇಲ್ಲದಾಗ ಈ ಪುಟ್ಟ ಸೆನ್ಸರ್‌ಗಳದ್ದು ಒಂದು ಲಾಭ ಇದೆ: ಎರಡು ಮೀಟರ್ ದೂರಕ್ಕೆ ಫೋಕಸ್ ಆದರೆ ಸಾಕು, ಸುಮಾರು ಒಂದು ಮೀಟರಿನಿಂದ ಆಚೆ ಹೆಚ್ಚುಕಮ್ಮಿ ಎಲ್ಲವೂ ಸ್ಪಷ್ಟ. ಬಟನ್ ಅರ್ಧ ಒತ್ತಿ, ಹಸಿರು ಚೌಕ ಬರುವ ತನಕ ಕಾಯಿರಿ, ಒತ್ತಿಕೊಂಡೇ ಇರಿ, ವೇಷ ತಿರುಗಿದಾಗ ಪೂರ್ತಿ ಒತ್ತಿ. ಮುಖ ಹುಡುಕುವ ಆಯ್ಕೆ ತೆಗೆದುಬಿಡಿ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖ ಅದಕ್ಕೆ ಮುಖ ಅಂತಲೇ ಗೊತ್ತಾಗುವುದು ಕಷ್ಟ. ನಡುವಿನ ಚೌಕ ಒಂದನ್ನೇ ಇಟ್ಟುಕೊಂಡು ಚುಟ್ಟಿಯ ಮೇಲೋ ಕಿರೀಟದ ಅಂಚಿನ ಮೇಲೋ ಹಿಡಿಯಿರಿ, ಕಪ್ಪು ಬಟ್ಟೆಯ ಮೇಲೆ ಬೇಡ.

ಫೋಕಸ್‌ಗೆ ಅಂತ ಹೊತ್ತಿಕೊಳ್ಳುವ ಕಿತ್ತಳೆ ದೀಪವನ್ನು ಮನೆಯಲ್ಲಿ, ಮದುವೆಯಲ್ಲಿ ಧಾರಾಳವಾಗಿ ಬಳಸಿ. ಆಟದಲ್ಲಿ ಆರಿಸಿಡಿ. ಅದು ಮುಟ್ಟುವುದೇ ಕೆಲವು ಮೀಟರ್, ಸುಮ್ನೆ ಕಲಾವಿದರ ಕಣ್ಣಿಗೆ ಹೊಡೆಯುತ್ತದೆ. ಫ್ಲ್ಯಾಷ್ ಅಂತೂ ಹಾಕಲೇಬೇಡಿ.

ಇನ್ನೊಂದು ಮಾತು. ಮಸುಕಾದ ಫೋಟೋ ಎಲ್ಲಾ ಫೋಕಸ್ಸಿನ ತಪ್ಪಲ್ಲ. ರಂಗಸ್ಥಳದ ಕಂಬ ಸ್ಪಷ್ಟವಾಗಿದ್ದು ವೇಷ ಮಾತ್ರ ಎಳೆದಂತೆ ಇದ್ದರೆ ಅದು ಕುಣಿತದ್ದು. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 800 ಅಥವಾ 1600ಕ್ಕೆ ಏರಿಸಿ, ಕಾಳು ಕಾಳಾಗಿ ಬಂದರೆ ಬರಲಿ. ಕಂಬವೂ ವೇಷವೂ ಒಂದೇ ದಿಕ್ಕಿಗೆ ಎಳೆದಿದ್ದರೆ ಕೈ ಅಲುಗಿದ್ದು.

ಹೊಸ ಕ್ಯಾಮೆರಾ? ನನ್ನ ಕೇಳಿದರೆ ಬೇಡ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರಲ್ಲಿ ಸೆನ್ಸರ್ ದೊಡ್ಡದು, ಲೆನ್ಸ್ 1.8, ನಿಜ. ಆದರೆ ಪೂರ್ತಿ ಝೂಮ್ ಮಾಡಿದರೆ ಅದೂ 4.9ಕ್ಕೆ ಹೋಗುತ್ತದೆ. ಕೊನೆಯ ಸಾಲಿನಲ್ಲಿ ಕೂರುವವರಿಗೆ ಅದೂ ದಂಡವೇ.