ನಿಘಂಟಿನಲ್ಲಿ ಹುಡುಕಿದರೂ ಪದ ಯಾಕೆ ಸಿಗುವುದಿಲ್ಲ?

‘ಎದ್ದನು’ ಎಂಬ ಪದ ನಿಘಂಟಿನಲ್ಲಿ ಇಲ್ಲವೇ ಇಲ್ಲ ಎಂದು ಕೇಳಿದ್ದೀರಿ. ಪದ ಇದೆ, ಆದರೆ ‘ಏಳು’ ಎಂಬ ಹೆಸರಿನಲ್ಲಿ. ನಿಘಂಟಿನಲ್ಲಿ ಸಾಮಾನ್ಯವಾಗಿ ಮೂಲ ರೂಪವನ್ನಷ್ಟೇ ಕೊಟ್ಟಿರುತ್ತಾರೆ. ಬಂದ ಎಂದರೆ ಬರು, ಕಂಡ ಎಂದರೆ ಕಾಣು, ಸೋತ ಎಂದರೆ ಸೋಲು, ನಿಂತ ಎಂದರೆ ನಿಲ್ಲು. ಇದೊಂದು ಅಭ್ಯಾಸವಾದರೆ ಅರ್ಧ ತೊಂದರೆ ಮುಗಿದ ಹಾಗೆ.

ಎರಡನೆಯ ಕಾಟ ಸಂಧಿಯದು. ‘ಬೆಟ್ಟದಾವರೆ’ ಸಿಗದಿದ್ದರೆ ‘ದಾವರೆ’ ಎಂದು ಹುಡುಕಬೇಡಿ, ‘ತಾವರೆ’ ನೋಡಿ. ಪದಗಳು ಸೇರುವಾಗ ಕ, ತ, ಪ ಎಷ್ಟೋ ಕಡೆ ಗ, ದ, ಬ ಆಗುತ್ತವೆ. ಮಳೆ, ಕಾಲ ಸೇರಿ ಮಳೆಗಾಲ ಆಯಿತಲ್ವಾ, ಹಾಗೆ.

ಇನ್ನು ಅಕ್ಷರಗಳ ಸಾಲು. ‘ಳ’ ಕೊನೆಯಲ್ಲಿ, ‘ಹ’ ಆದ ಮೇಲೆ ಬರುತ್ತದೆ. ಒತ್ತಕ್ಷರ ಕಾಗುಣಿತ ಮುಗಿದ ನಂತರ. ಅಂದರೆ ‘ಕತೆ’ ಮೊದಲು, ‘ಕತ್ತು’ ಆಮೇಲೆ. ಶಾಲೆಯಲ್ಲಿ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಸುಮ್ನೆ ಪುಟ ತಿರುಗಿಸುತ್ತಿದ್ದೆ.

ಹಳಗನ್ನಡ ಓದುವಾಗ ಇನ್ನೊಂದು ಉಪಾಯವಿದೆ. ಪದದ ಮೊದಲಿಗೆ ‘ಪ’ ಇದ್ದರೆ ಅಲ್ಲಿ ‘ಹ’ ಇಟ್ಟು ನೋಡಿ. ಪುಲಿ ಹುಲಿಯಾಗುತ್ತದೆ, ಪಾಲ್ ಹಾಲಾಗುತ್ತದೆ. ಎಲ್ಲ ಪದಕ್ಕೂ ಇದು ಹೊಂದುವುದಿಲ್ಲ, ಆದರೂ ಜಾಸ್ತಿ ಸಲ ಕೈ ಹಿಡಿಯುತ್ತದೆ.

ಪದ ಸಿಕ್ಕ ಕೂಡಲೇ ಮೊದಲ ಅರ್ಥಕ್ಕೆ ನಿಲ್ಲಬೇಡಿ. ‘ಏಳು’ ಎಂಬಲ್ಲಿ ಸಂಖ್ಯೆಯೂ ಇದೆ, ಮೇಲೇಳುವುದೂ ಇದೆ. ನಿಮ್ಮ ವಾಕ್ಯದಲ್ಲಿ ಯಾವುದು ಕೂರುತ್ತದೋ ಅದನ್ನೇ ತೆಗೆದುಕೊಳ್ಳಿ. ದಿನಬಳಕೆಗೆ ಒಂದು ಸಂಪುಟದ ಸಣ್ಣ ನಿಘಂಟು ಸಾಕು. ಹಳೆಯ ಕಾವ್ಯ ಓದುವವರಿಗೆ 1894ರ ಕಿಟೆಲ್ ನಿಘಂಟು ಅಥವಾ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಬೇಕಾಗುತ್ತವೆ.